ಅಳಿಸಲೋ, ಉಳಿಸಲೋ

ನಿವೃತ್ತಿಯ ದಿನ ನನಗೆ ಒಂದು ಶಾಲು, ಒಂದು ಹಾರ, ಒಂದು ಗೋಡೆ ಗಡಿಯಾರ ಕೊಟ್ಟರು. ಗಡಿಯಾರದಲ್ಲಿ ಸೆಲ್ ಇರಲಿಲ್ಲ. ಮೂವತ್ತೊಂದು ವರ್ಷ ಅದೇ ಕಾಲೇಜಿನಲ್ಲಿ ಕಳೆದ ನನಗೆ ಇದರಿಂದ ಆಶ್ಚರ್ಯವೇನೂ ಆಗಲಿಲ್ಲ. ನಮ್ಮಲ್ಲಿ ಮೊದಲು ವಸ್ತು ಬರುತ್ತದೆ, ಅದು ನಡೆಯಲು ಬೇಕಾದದ್ದು ಆಮೇಲೆ ಬರುತ್ತದೆ, ಅದೂ ಬಂದರೆ. ನನ್ನ ಜಾಗಕ್ಕೆ ಬಂದ ಹುಡುಗಿ ಲ್ಯಾಬಿನ ಬೀಗದ ಕೈ ಇಸಿದುಕೊಳ್ಳುತ್ತಾ, "ಮೇಡಂ, ಈ ಕೆಲ್ಸದಲ್ಲಿ ಮುಖ್ಯವಾಗಿ ಏನ್ ನೋಡ್ಕೋಬೇಕು?" ಎಂದು ಕೇಳಿದಳು. "ಬೀಗದ ಕೈ ನೋಡ್ಕೋಮ್ಮ" ಎಂದುಬಿಟ್ಟೆ. ಅದು ಒಳ್ಳೆಯ ಉತ್ತರವಲ್ಲ. ಕೇಳಿದಾಗ ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ.

ನನ್ನ ಹೆಸರು ಸುಶೀಲಮ್ಮ. ಕಾಲೇಜು ಶಿಡ್ಲಘಟ್ಟದ ಕಡೆಯದು ಎಂದಷ್ಟೇ ಹೇಳುತ್ತೇನೆ. ಪಿಂಚಣಿ ಇನ್ನೂ ಬಹಳ ವರ್ಷ ಬರಬೇಕಾಗಿರುವುದರಿಂದ ಅದರ ಹೆಸರು ಬೇಡ. ಸೇರಿದ್ದು ಬೆರಳಚ್ಚುಗಾರ್ತಿಯಾಗಿ. ಒಂದು ದಿನ ಕಚೇರಿಯ ಮುಂದೆ ಎರಡು ಕಂಪ್ಯೂಟರ್ ಬಂದಿಳಿದವು. "ನಿಮಗೆ ಟೈಪ್ ಬರುತ್ತಲ್ಲ ಸುಶೀಲಮ್ಮ, ಇದನ್ನೂ ನೀವೇ ನೋಡ್ಕೊಂಡ್ಬಿಡಿ" ಎಂದರು ಅಂದಿನ ಪ್ರಿನ್ಸಿಪಾಲರು. ಹಾಗೆ ನಾನು ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಆದೆ. ಬಡ್ತಿಯ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ: ಹದಿನೆಂಟನೆಯ ವರ್ಷ ನನ್ನ ಕುರ್ಚಿಗೆ ಕೈಗಳು ಬಂದವು.

ಆ ಕಾಲದಲ್ಲಿ ಲ್ಯಾಬಿಗೆ ಚಪ್ಪಲಿ ಹಾಕಿಕೊಂಡು ಬರುವಂತಿರಲಿಲ್ಲ. ಕಂಪ್ಯೂಟರಿಗೆ ವೈರಸ್ ಬರುತ್ತದೆ ಎಂದು ಯಾರೋ ಹೇಳಿದ್ದನ್ನು ಪ್ರಿನ್ಸಿಪಾಲರು ಹೊರಗಿನ ಧೂಳಿನಿಂದಲೇ ಬರುತ್ತದೆ ಎಂದು ತಿಳಿದುಕೊಂಡಿದ್ದರು. ಮಕ್ಕಳು ಬರಿಗಾಲಲ್ಲಿ ಬಂದು, ಕೈಕಟ್ಟಿ ನಿಂತು, ದೂರದಿಂದ ಕಂಪ್ಯೂಟರಿನ ದರ್ಶನ ಪಡೆದು ಹೋಗುತ್ತಿದ್ದರು. ಆಯುಧಪೂಜೆಗೆ ಮಾತ್ರ ಯಾವ ತಡೆಯೂ ಇರಲಿಲ್ಲ. ಅರಿಸಿನದ ನೀರು ಗಾಳಿ ಹೋಗುವ ಕಿಂಡಿಗೆ, ಕುಂಕುಮ ಕೀಲಿಮಣೆಯ ಸಂದಿಗೆ, ನಿಂಬೆಹಣ್ಣು ಮೌಸಿನ ಕೆಳಗೆ. ನಮ್ಮ ಮನೆಯಲ್ಲಿ ಬುದ್ಧನ ಪಟದ ಮುಂದೆ ಒಂದು ದೀಪ ಹಚ್ಚುತ್ತೇವೆ, ಅಷ್ಟೇ. ಆದರೆ ಮಾರನೆಯ ದಿನ ಬ್ರಷ್ ಹಿಡಿದು ಆ ಕುಂಕುಮವನ್ನು ಕೆರೆಯುವ ಕೆಲಸ ನನ್ನದು. ಪೂಜೆ ಅವರಿಗೆ, ಒರೆಸುವುದು ನನಗೆ ಎಂಬ ಹಂಚಿಕೆಯನ್ನು ಯಾವ ಸುತ್ತೋಲೆಯಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಇನ್ನು ಹಗುರ ಲ್ಯಾಪ್‌ಟಾಪುಗಳ ಕಥೆಗೆ ಬರುತ್ತೇನೆ. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಯಾವುದೋ ಕಂಪನಿ ದಾನವಾಗಿ ಮೂವತ್ತು ಲ್ಯಾಪ್‌ಟಾಪ್ ಕಳಿಸಿತು. ಒಂದೊಂದು ಒಂದು ಕಿಲೋ ಸುಮಾರು, ತೆಳ್ಳಗೆ, ನೋಡಲು ಚೆಂದ. ಆಗ ಇದ್ದವರು ನನ್ನ ಕೊನೆಯ ಪ್ರಿನ್ಸಿಪಾಲರು. ಈ ಕಥೆಯಲ್ಲಿ ಮುಂದೆ ಪ್ರಿನ್ಸಿಪಾಲರು ಎಂದರೆ ಅವರೇ. ಒಂದು ಲ್ಯಾಪ್‌ಟಾಪನ್ನು ಎರಡು ಬೆರಳಲ್ಲಿ ಎತ್ತಿ, "ನೋಡಿ ಸುಶೀಲಮ್ಮ, ಎಷ್ಟು ಹಗುರ, ಟೆಕ್ನಾಲಜಿ ಎಲ್ಲಿಗೆ ಬಂತು" ಎಂದು ಮೆಚ್ಚಿದರು. ಹಗುರವಾಗಿದ್ದದ್ದು ಒಳಗೆ ಹೆಚ್ಚೇನೂ ಇಲ್ಲದ್ದರಿಂದ ಎಂಬುದು ನಮಗೆ ಆಮೇಲೆ ತಿಳಿಯಿತು. ಸಮಾರಂಭ ನಡೆಯಿತು, ಫೋಟೋ ತೆಗೆದರು, ಮಕ್ಕಳ ಕೈಗೆ ಕೊಟ್ಟು ಫೋಟೋ ಮುಗಿದ ಮೇಲೆ ವಾಪಸು ಇಸಿದುಕೊಂಡರು. ಮೂವತ್ತೂ ಬೀರುವಿಗೆ ಹೋದವು. ಕೆಟ್ಟುಹೋಗಬಾರದೆಂದು ಒಂದು ವರ್ಷ ಯಾರೂ ಮುಟ್ಟಲಿಲ್ಲ. ಬೀರು ತೆಗೆದಾಗ ನಾಲ್ಕರ ಬ್ಯಾಟರಿ ಉಬ್ಬಿಕೊಂಡು, ಚಪಾತಿ ತವೆಯ ಮೇಲೆ ಎದ್ದ ಹಾಗೆ ಎದ್ದಿದ್ದವು.

ಉಳಿದ ಇಪ್ಪತ್ತಾರಕ್ಕೆ ಬೇರೆ ರೋಗ. ಅವುಗಳೊಳಗಿನ ಜಾಗವೇ ಚಿಕ್ಕದು. ಅದರಲ್ಲಿ ಮುಕ್ಕಾಲು ಪಾಲನ್ನು ಕಂಪನಿ ಹಾಕಿ ಕಳಿಸಿದ ಸಿಸ್ಟಂ ನುಂಗಿಕೊಂಡಿತ್ತು. ಒಂದು ವರ್ಷ ಬೀರುವಿನಲ್ಲಿ ಮಲಗಿ ಎದ್ದದ್ದಕ್ಕೆ ಅದಕ್ಕೀಗ ಹೊಸ ಅಪ್‌ಡೇಟ್ ಬೇಕು. ಅಪ್‌ಡೇಟಿಗೆ ಇರುವ ಜಾಗ ಸಾಲದು. ಜಾಗ ಸಾಲದು ಎಂದು ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಹೇಳುತ್ತದೆ, ಹೇಳಿ ಮತ್ತೆ ಅದೇ ಅಪ್‌ಡೇಟ್ ಇಳಿಸಲು ಹೊರಡುತ್ತದೆ. ಅಷ್ಟರಲ್ಲಿ ಪಿರಿಯಡ್ ಮುಗಿಯುತ್ತದೆ. ಎರಡು ತಿಂಗಳು ನಮ್ಮ ಮಕ್ಕಳು ಕಂಪ್ಯೂಟರ್ ವಿಜ್ಞಾನ ಎಂದರೆ ಒಂದು ಸುತ್ತುವ ಚಕ್ರವನ್ನು ನೋಡುತ್ತಾ ಕೂರುವುದು ಎಂದುಕೊಂಡಿದ್ದರು.

ದಾರಿ ತೋರಿಸಿದವನು ಚಿಂತಾಮಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಬಾಬಾಜಾನ್. ನಡುವಯಸ್ಸಿನವನು, ಮಾತು ಕಡಿಮೆ. ತರಕಾರಿ ಮಂಡಿಗೆ ಹೋಗುವ ರಸ್ತೆಯಲ್ಲಿ ಅವನ ಅಂಗಡಿ. ಗಿರಾಕಿಗಳೊಂದಿಗೆ ತೆಲುಗು, ನನ್ನೊಂದಿಗೆ ಕನ್ನಡ, ಫೋನಿನಲ್ಲಿ ಹೆಂಡತಿಯೊಂದಿಗೆ ಉರ್ದು, ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದ. ನಾನು ಒಯ್ದ ಲ್ಯಾಪ್‌ಟಾಪನ್ನು ತೆರೆದು ನೋಡಿ ನಕ್ಕ.

"ಇದಕ್ಕೆ ಈ ಸಿಸ್ಟಂ ಭಾರ ಆಗುತ್ತೆ ಮೇಡಂ. ತೆಗೆದ್ಬಿಟ್ಟು ಲಿನಕ್ಸ್ ಅಂತ ಹಗುರದ ಸಿಸ್ಟಂ ಹಾಕಣ. ಅಂತೇ, ಅಷ್ಟೇ, ಸಿಂಪಲ್."

"ಅದು ಎಷ್ಟಪ್ಪ?"

"ಪುಕ್ಕಟೆ ಮೇಡಂ."

"ಪುಕ್ಕಟೆ ಅಂದ್ರೆ ನಮ್ಮ ಆಫೀಸಲ್ಲಿ ಒಪ್ಪಲ್ಲ ಕಣಪ್ಪ" ಎಂದೆ. ಅದು ತಮಾಷೆಗೆ ಹೇಳಿದ್ದು. ಆದರೆ ನಿಜವಾಯಿತು.

ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪುಕ್ಕಟೆ ಕೊಡ್ತಾರೆ ಅಂದ್ರೆ ಅದ್ರಲ್ಲಿ ಏನೋ ಇರ್ಬೇಕು. ಯಾವುದಕ್ಕೂ ಮೂರು ಕೊಟೇಶನ್ ತಗೊಂಡ್ಬನ್ನಿ" ಎಂದರು. ಯಾವುದನ್ನೇ ಆಗಲಿ ಮೂರು ಕೊಟೇಶನ್ ಇಲ್ಲದೆ ತರಿಸುವಂತಿಲ್ಲ ಎಂಬುದು ನಿಯಮ. ಪುಕ್ಕಟೆ ಸಿಗುವುದಕ್ಕೆ ವಿನಾಯಿತಿ ಇದೆ ಎಂದು ನಿಯಮದಲ್ಲಿ ಬರೆದಿಲ್ಲ. ಬಾಬಾಜಾನ್ ತನ್ನದೊಂದು ಕೊಟ್ಟ, ಪಕ್ಕದ ಎರಡು ಅಂಗಡಿಯವರ ಕೈಲೂ ಬರೆಸಿಕೊಟ್ಟ. ಮೂರರಲ್ಲೂ ಸೊನ್ನೆ. ನಾನು ತುಲನಾತ್ಮಕ ಪಟ್ಟಿ ತಯಾರಿಸಿದೆ. ಸೊನ್ನೆ, ಸೊನ್ನೆ, ಸೊನ್ನೆ. ಕಡಿಮೆ ದರ ಯಾರದು ಎಂದು ತೀರ್ಮಾನಿಸಲು ಹದಿನೈದು ದಿನ ಕಡತ ಓಡಾಡಿತು. ಮುಂದೆ ಆಡಿಟ್‌ನವರು ಬಂದಾಗ, ದರವನ್ನು ಇನ್ನೂ ಇಳಿಸಲು ಮಾತುಕತೆ ನಡೆಸಿದ್ದಕ್ಕೆ ದಾಖಲೆ ಇಲ್ಲ ಎಂದು ಷರಾ ಬರೆದರು. ಅದಕ್ಕೆ ನಾನು ಕೊಟ್ಟ ವಿವರಣೆ ಇವತ್ತಿಗೂ ಆ ಕಡತದಲ್ಲಿದೆ. ಹೊಸಬಳು ಬಿಡುವಾದಾಗ ಓದಿಕೊಳ್ಳಲಿ.

ಲಿನಕ್ಸ್ ಹಾಕುವುದು ಬಾಬಾಜಾನ್ ಹೇಳಿದಷ್ಟು ಸಿಂಪಲ್ ಆಗಿರಲಿಲ್ಲ. ಅದನ್ನು ಪೆನ್‌ಡ್ರೈವಿಗೆ ತುಂಬಿಕೊಳ್ಳಬೇಕು, ಲ್ಯಾಪ್‌ಟಾಪ್ ಆನ್ ಆಗುವ ಕ್ಷಣಕ್ಕೆ ಸರಿಯಾದ ಕೀಲಿ ಒತ್ತಬೇಕು. ಆ ಕೀಲಿ ಯಾವುದು ಎಂಬುದನ್ನು ಕಂಪನಿ ಗುಟ್ಟಾಗಿಟ್ಟಿತ್ತು. ನಾನು ಮೇಲಿನ ಸಾಲಿನ ಕೀಲಿಗಳನ್ನೆಲ್ಲ ಹಾರ್ಮೋನಿಯಂ ನುಡಿಸಿದ ಹಾಗೆ ಒತ್ತುತ್ತಾ ಹೋಗುತ್ತಿದ್ದೆ, ಯಾವುದೋ ಒಂದು ತಗಲುತ್ತಿತ್ತು. ಹಾಕಿದ ಮೇಲೆ ವೈಫೈ ಬರಲಿಲ್ಲ. ಮೊಬೈಲನ್ನು ಕೇಬಲ್ಲಿನಲ್ಲಿ ಜೋಡಿಸಿ, ಅದರ ಇಂಟರ್ನೆಟ್ಟಿನಿಂದಲೇ ವೈಫೈಗೆ ಬೇಕಾದದ್ದನ್ನು ಇಳಿಸಿಕೊಳ್ಳಬೇಕೆಂದು ಬಾಬಾಜಾನ್ ಹೇಳಿಕೊಟ್ಟ. ಇದನ್ನು ನೆನಪಿಟ್ಟುಕೊಳ್ಳಿ, ಬಹಳ ಸಲ ಕೈ ಹಿಡಿಯುತ್ತದೆ.

ಆದರೆ ಪರದೆ ಅಡ್ಡ ತಿರುಗಿದ್ದಕ್ಕೆ ಮಾತ್ರ ಯಾರೂ ತಯಾರಿರಲಿಲ್ಲ. ಈ ಲ್ಯಾಪ್‌ಟಾಪಿಗೆ ಯಾವುದೋ ಟ್ಯಾಬ್ಲೆಟ್ಟಿನ ಪರದೆಯನ್ನು ಮಲಗಿಸಿ ಅಂಟಿಸಿದ್ದರಂತೆ. ಹಳೆಯ ಸಿಸ್ಟಂಗೆ ಆ ಗುಟ್ಟು ಗೊತ್ತಿತ್ತು, ಹೊಸದಕ್ಕೆ ಗೊತ್ತಿರಲಿಲ್ಲ. ಅಕ್ಷರಗಳೆಲ್ಲ ಗೋಡೆಯ ಕಡೆಗೆ ತಲೆ ಮಾಡಿ ಮಲಗಿದವು. ಅದನ್ನು ನೆಟ್ಟಗೆ ಮಾಡಲು ಟೈಪ್ ಮಾಡಬೇಕಾದ ಆಜ್ಞೆಯ ಸಾಲು ಬಾಬಾಜಾನನಿಂದ ಬರುವಷ್ಟರಲ್ಲಿ ತಪಾಸಣೆಗೆ ಮೇಲಿನವರು ಬಂದೇಬಿಟ್ಟರು. ಅಷ್ಟೂ ಮಕ್ಕಳು ಎಡಕ್ಕೆ ಕತ್ತು ಓರೆ ಮಾಡಿ ಟೈಪ್ ಮಾಡುತ್ತಿದ್ದರು. ತಪಾಸಣೆಗೆ ಬಂದವರೂ ಸ್ವಲ್ಪ ಹೊತ್ತು ಕತ್ತು ಓರೆ ಮಾಡಿ ನೋಡಿದರು. "ಇದು ಹೊಸ ವಿಧಾನ ಸರ್" ಎಂದರು ನಮ್ಮ ಪ್ರಿನ್ಸಿಪಾಲರು, ಸ್ವಲ್ಪವೂ ಅಳುಕದೆ. ವರದಿಯಲ್ಲಿ "ಮಕ್ಕಳ ಏಕಾಗ್ರತೆ ಮೆಚ್ಚುವಂಥದ್ದು" ಎಂದು ಬಂತು.

ಮೂರು ತಿಂಗಳಲ್ಲಿ ಇಪ್ಪತ್ತಾರೂ ಎದ್ದು ಕೂತವು. ಚಕ್ರ ಸುತ್ತುವುದು ನಿಂತಿತು. ನಿಜ ಹೇಳುತ್ತೇನೆ, ನನಗೆ ಜಂಬ ಬಂತು. ಅಷ್ಟರವರೆಗೆ ನಾನು ಬೀಗ ತೆಗೆಯುವವಳು, ಒರೆಸುವವಳು. ಈಗ ಸೈನ್ಸ್ ವಿಭಾಗದವರು ಕೂಡ "ಮೇಡಂ, ನಮ್ಮ ಮನೇದಕ್ಕೂ ನಿಮ್ಮ ಸಿಸ್ಟಂ ಹಾಕ್ಕೊಡಿ" ಎಂದು ಬರತೊಡಗಿದರು. ನಿಮ್ಮ ಸಿಸ್ಟಂ ಎಂಬ ಆ ಮಾತು ನನ್ನ ಕಿವಿಗೆ ಎಷ್ಟು ಇಂಪಾಗಿತ್ತೆಂದರೆ, ಮುಂದಾದ ಅನಾಹುತಕ್ಕೆಲ್ಲ ಬೇರು ಅಲ್ಲೇ ಇದೆ.

ಆ ವರ್ಷ ನವೆಂಬರ್ ಬಂತು. ಕನ್ನಡ ರಾಜ್ಯೋತ್ಸವಕ್ಕೆ ಎಲ್ಲವೂ ಕನ್ನಡದಲ್ಲಿರಬೇಕೆಂದು ಪ್ರಿನ್ಸಿಪಾಲರ ಆಜ್ಞೆ ಹೊರಟಿತು. ನಾನು ಉತ್ಸಾಹದಿಂದ, ಲಿನಕ್ಸ್ ಹಾಕುವಾಗ ಪರದೆ ಮೇಲೆ ಬರುವ ಇಂಗ್ಲಿಷ್ ಪ್ರಶ್ನೆಗಳನ್ನೂ ಕನ್ನಡಕ್ಕೆ ತಂದೆ. ಅವನ್ನು ಬಾಬಾಜಾನ್ ಪೆನ್‌ಡ್ರೈವಿನೊಳಗೆ ಸೇರಿಸಿಕೊಟ್ಟ. ಅದರಲ್ಲಿ ಒಂದು ಮುಖ್ಯ ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿರುವ ಹಳೆಯ ಫೈಲುಗಳನ್ನು ತೆಗೆದುಹಾಕಬೇಕೋ, ಹಾಗೇ ಬಿಡಬೇಕೋ? ನಾನು ಬರೆದದ್ದು ಹೀಗೆ. ಒಂದು ಗುಂಡಿಯ ಮೇಲೆ "ಅಳಿಸಿ". ಇನ್ನೊಂದರ ಮೇಲೆ "ಉಳಿಸಿ".

ತಿದ್ದಲು ಕೊಟ್ಟದ್ದು ಮುನಿರತ್ನಮ್ಮನಿಗೆ. ಅವಳು ದಿಬ್ಬೂರಹಳ್ಳಿಯವಳು, ನಮ್ಮ ಕಾಲೇಜಿನಲ್ಲಿ ಕನ್ನಡಕ್ಕೆ ಅತಿಥಿ ಉಪನ್ಯಾಸಕಿ. ವಯಸ್ಸಿನಲ್ಲಿ ನನ್ನ ಮಗಳಂತಿದ್ದಳು, ಅದಕ್ಕೇ ಏಕವಚನ. ಅತಿಥಿ ಎಂದು ಹೆಸರಿಟ್ಟು ಹತ್ತು ವರ್ಷ ದುಡಿಸಿಕೊಂಡು, ಪ್ರತಿ ಬೇಸಿಗೆಯಲ್ಲೂ ಹೊರಗೆ ಕಳಿಸಿ, ಮತ್ತೆ ಅರ್ಜಿ ಹಾಕಿಸಿಕೊಂಡು ಒಳಗೆ ಕರೆಯುವ ಪದ್ಧತಿ ನಮ್ಮದು. ಅವಳು ಪಿಎಚ್.ಡಿ. ಬರೆಯುತ್ತಿದ್ದಳು. ಅದು ಕೈಗೆ ಬಂದರೆ ಮುಂದಿನ ವರ್ಷವೂ ಕೆಲಸ, ಬರದಿದ್ದರೆ ಪಟ್ಟಿಯಲ್ಲಿ ಕೆಳಗೆ ಇಳಿದು ಮನೆಗೆ. ಒಂದು ಸಲ ಗಡುವು ವಿಸ್ತರಿಸಿ ಕೊಟ್ಟಾಗಿತ್ತು, ಇನ್ನೊಂದು ಸಲ ಕೊಡುವುದಿಲ್ಲ ಎಂದು ಪತ್ರ ಬಂದಿತ್ತು. ಅವಳ ವಿಷಯ, ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಹೆಂಗಸರ ಮಾತು. ಬಿಸಿನೀರಿನ ಬಾಣಲೆಯ ಮುಂದೆ ಅವರೊಂದಿಗೆ ಕೂತು, ಅವರು ಆಡುವ ಕನ್ನಡ, ತೆಲುಗು, ಉರ್ದು ಬೆರೆತ ಪದಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿಕೊಳ್ಳುತ್ತಿದ್ದಳು. ಆ ಲ್ಯಾಪ್‌ಟಾಪು ನಮ್ಮ ಬೀರುವಿನದೇ, ಸಹಿ ಹಾಕಿ ಪಡೆದದ್ದು, ನಾನು ಲಿನಕ್ಸ್ ಹಾಕಿಕೊಟ್ಟದ್ದು. ಅವಳ ಹಳೆಯ ಕಂಪ್ಯೂಟರ್ ಕೆಟ್ಟು ಗುಜರಿಗೆ ಹೋಗುವ ಮೊದಲು ಅದರಲ್ಲಿದ್ದದ್ದನ್ನೆಲ್ಲ ಇದಕ್ಕೇ ತುಂಬಿಕೊಂಡಿದ್ದಳು.

ಅವಳು ನನ್ನ ಪಟ್ಟಿ ಓದಿ, "ಮೇಡಂ, ಅಳಿಸಿ, ಉಳಿಸಿ ಎರಡೂ ಒಂದೇ ಥರ ಕೇಳಿಸ್ತವೆ. ಒಂದಕ್ಕೆ ಬೇರೆ ಪದ ಹಾಕಣ" ಎಂದಳು.

"ಪ್ರಾಸ ಚೆನ್ನಾಗ್ ಕೂತಿದೆ ಕಣಮ್ಮ, ಇರ್ಲಿ ಬಿಡು" ಎಂದೆ ನಾನು.

ಕನ್ನಡ ಎಂ.ಎ. ಓದಿದವಳು ಅವಳು, ಟೈಪಿಂಗ್ ಓದಿದವಳು ನಾನು. ಪ್ರಾಸದ ಹಟ ನನಗೆ. ರಾಜ್ಯೋತ್ಸವದ ಭಾಷಣದಲ್ಲಿ ಪ್ರಿನ್ಸಿಪಾಲರು ಆ ಎರಡು ಪದಗಳನ್ನು ಎತ್ತಿ ಹೇಳಿದಾಗ ಚಪ್ಪಾಳೆ ಬಿತ್ತು. ನಾನು ಎದ್ದು ಕೈ ಮುಗಿದೆ.

ಫೆಬ್ರವರಿಯಲ್ಲಿ ಮುನಿರತ್ನಮ್ಮನ ಲ್ಯಾಪ್‌ಟಾಪ್ ಸತಾಯಿಸತೊಡಗಿತು. ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕರೆಂಟು ಹೋಗಿ, ಬ್ಯಾಟರಿಯೂ ಕೈಕೊಟ್ಟು, ಸಿಸ್ಟಂ ಏಳುತ್ತಿರಲಿಲ್ಲ. ಒಳಗಿನ ಬರವಣಿಗೆಗೆ ಏನೂ ಆಗಿರಲಿಲ್ಲ. ಫೈಲುಗಳನ್ನು ಹಾಗೇ ಬಿಟ್ಟು ಸಿಸ್ಟಂ ಮಾತ್ರ ಹೊಸದಾಗಿ ಹಾಕಿದ್ದರೆ ಅರ್ಧ ಗಂಟೆಯ ಕೆಲಸ. "ಪೆನ್‌ಡ್ರೈವ್ ಕೊಡಮ್ಮ, ತುಂಬಿಕೊಡ್ತೀನಿ. ಮನೇಲೇ ಹಾಕ್ಕೋಬಹುದು, ಎಲ್ಲಾ ಕನ್ನಡದಲ್ಲೇ ಇದೆ" ಎಂದೆ. ಅವಳು ತನ್ನ ಪೆನ್‌ಡ್ರೈವ್ ಕೊಟ್ಟಳು. ಇದರಲ್ಲಿ ಏನಾದರೂ ಇದೆಯಾ ಎಂದು ಕೇಳಬೇಕಿತ್ತು. ಲ್ಯಾಬಿನ ಗೋಡೆಯ ಮೇಲೆ "ಮೊದಲು ನಕಲು, ಆಮೇಲೆ ಕೆಲಸ" ಎಂದು ದಪ್ಪ ಅಕ್ಷರದಲ್ಲಿ ಬರೆಸಿದವಳು ನಾನೇ. ಕೇಳಲಿಲ್ಲ. ಸಿಸ್ಟಂ ತುಂಬಿದಾಗ ಪೆನ್‌ಡ್ರೈವಿನಲ್ಲಿದ್ದದ್ದೆಲ್ಲ ಹೋಯಿತು. ಅದರಲ್ಲಿದ್ದದ್ದು ಅವಳ ಪ್ರಬಂಧದ ಒಂದೇ ಒಂದು ನಕಲು. ತುಂಬುವ ಮೊದಲು ನಾನು ಅದನ್ನು ಬೇರೆ ಕಡೆ ತೆಗೆದಿಟ್ಟಿರುತ್ತೇನೆ ಎಂದು ಅವಳು ನಂಬಿದ್ದಳು. ಗೋಡೆಯ ಮೇಲಿನ ಬರಹ ಓದಿದ್ದಳಲ್ಲ.

ಮಾರನೆಯ ದಿನ ಭಾನುವಾರ, ಚಿಂತಾಮಣಿಯಲ್ಲಿ ನನ್ನ ತಮ್ಮನ ಮಗಳ ಮದುವೆ. ಛತ್ರದಲ್ಲಿ ಮುಂದಿನ ಸಾಲಿನಲ್ಲಿ, ನೆಂಟರಿಷ್ಟರ ನಡುವೆ ಕೂತಿದ್ದೆ. ಅಷ್ಟರಲ್ಲಿ ಮುನಿರತ್ನಮ್ಮನ ಫೋನ್ ಬಂತು. ಅವಳಿದ್ದದ್ದು ದಿಬ್ಬೂರಹಳ್ಳಿಯ ಮನೆಯಲ್ಲಿ, ಗೋಡೆಗೆ ಒತ್ತಿಕೊಂಡೇ ನೂಲು ಬಿಚ್ಚುವ ಯಂತ್ರಗಳು. ಆ ಕಡೆ ಯಂತ್ರದ ಗರಗರ, ಈ ಕಡೆ ಓಲಗ. ಆಮೇಲೆ ಮಾಡ್ತೀನಿ ಇಡಮ್ಮ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಪಕ್ಕದಲ್ಲಿ ಕೂತ ನಾದಿನಿ, "ಅಕ್ಕ ಫೋನಲ್ಲೇ ಕಂಪ್ಯೂಟರ್ ರಿಪೇರಿ ಮಾಡ್ತಾರೆ" ಎಂದು ಹಿಂದಿನ ಸಾಲಿಗೆ ಹೇಳುತ್ತಿದ್ದಳು. ಹಿಂದಿನ ಸಾಲು ಮುಂದಕ್ಕೆ ಬಾಗಿತ್ತು. ನಾನು ಸ್ವರ ಏರಿಸಿ ಒಂದೊಂದೇ ಹೆಜ್ಜೆ ಹೇಳತೊಡಗಿದೆ.

"ಮೇಡಂ, ಎರಡು ಗುಂಡಿ ಬಂದಿದೆ. ಯಾವ್ದು ಒತ್ಲಿ?"

"ಉಳಿಸಿ ಒತ್ತಮ್ಮ."

"ಯಾವ್ದು ಮೇಡಂ? ಕೇಳಿಸ್ತಿಲ್ಲ."

ಅಷ್ಟರಲ್ಲಿ ಗಂಡಿನ ಕಡೆಯವರು ಕರೆಸಿದ್ದ ಪುರೋಹಿತರು ಕೈ ಎತ್ತಿದರು. ಗಟ್ಟಿಮೇಳ, ಗಟ್ಟಿಮೇಳ ಎಂದು ಛತ್ರವೆಲ್ಲ ಕೂಗಿತು. ಡೋಲು, ನಾದಸ್ವರ ಒಟ್ಟಿಗೆ ಎದ್ದವು. ಎಲ್ಲರೂ ಅಕ್ಷತೆ ಹಿಡಿದು ನಿಂತರು, ನಾನೂ ನಿಂತೆ.

"ಉಳಿಸಿ, ಉಳಿಸಿ" ಎಂದು ಕೂಗಿದೆ.

"ಅಳಿಸಿನಾ ಮೇಡಂ?"

ನನಗೆ ಕೇಳಿಸಿದ್ದು ಕೊನೆಯ ಎರಡು ಅಕ್ಷರ. "ಹ್ಞೂಂ ಕಣಮ್ಮ, ಅದೇ, ಒತ್ತು" ಎಂದೆ. ಫೋನ್ ಸೊಂಟಕ್ಕೆ ಸಿಕ್ಕಿಸಿ ಅಕ್ಷತೆ ಎಸೆದೆ. ಈ ಕಡೆ ಕೊರಳಿಗೆ ತಾಳಿ ಬಿತ್ತು, ಆ ಕಡೆ ಐದು ವರ್ಷದ ಬರವಣಿಗೆ ಹೋಯಿತು. ಹೋಗಲು ಒಂದು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಆ ಸಿಸ್ಟಂ ಅಷ್ಟು ಚುರುಕು ಎಂದು ನಾನೇ ಊರೆಲ್ಲ ಹೊಗಳಿದ್ದೆ.

ಊಟದ ಪಂಕ್ತಿಯಲ್ಲಿ ಒಬ್ಬಟ್ಟು ಬಡಿಸುತ್ತಿದ್ದಾಗ ಮತ್ತೆ ಫೋನ್ ಬಂತು. "ಮೇಡಂ, ಸಿಸ್ಟಂ ಚೆನ್ನಾಗ್ ಬಂತು. ನನ್ನ ಫೈಲ್ ಎಲ್ಲಿ ಹುಡುಕ್ಬೇಕು?" ಎಂದು ಕೇಳಿದಳು. ಆ ಧ್ವನಿಯಲ್ಲಿ ಅನುಮಾನವೇ ಇರಲಿಲ್ಲ. ಎಲೆಯ ಮುಂದಿನಿಂದ ಎದ್ದೆ. ಪಂಕ್ತಿಯ ನಡುವೆ ಹಾಗೆ ಏಳಬಾರದು ಎಂದು ಯಾರೋ ಗದರಿದರು.

ಬಾಬಾಜಾನ್ ಎರಡು ದಿನ ಪ್ರಯತ್ನಪಟ್ಟ. ಅಳಿದದ್ದನ್ನು ಹುಡುಕಿ ತೆಗೆಯುವ ಉಪಾಯಗಳಿವೆ, ಆದರೆ ಈ ಹಗುರ ಲ್ಯಾಪ್‌ಟಾಪಿನ ಒಳಗೆ ಒಮ್ಮೆ ಅಳಿಸಿದ್ದು ಬಹುಮಟ್ಟಿಗೆ ಅಳಿಸಿದ ಹಾಗೆಯೇ. ಕೊನೆಗೆ ಸಿಕ್ಕಿದ್ದು ಮೂರು. ಆಯುಧಪೂಜೆಯ ಸುತ್ತೋಲೆ, ಗುಲಾಬಿ ಹೂವಿನ ಮೇಲೆ ಶುಭೋದಯ ಎಂದು ಬರೆದ ಚಿತ್ರ, ರಾಜ್ಯೋತ್ಸವದಲ್ಲಿ ನಾನು ಕೈ ಮುಗಿದು ನಿಂತ ಫೋಟೋ. "ಪೆನ್‌ಡ್ರೈವಲ್ಲೂ ಸಿಗ್ಲಿಲ್ಲ ಮೇಡಂ" ಎಂದು ಬಾಬಾಜಾನ್ ಬೇರೆ ಕಡೆ ನೋಡುತ್ತಾ ಹೇಳಿದ. ಮುನಿರತ್ನಮ್ಮ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಮಂಡಿಯ ಟೊಮೇಟೊ ಗಾಡಿಗಳು ಹೋಗುವುದನ್ನೇ ನೋಡುತ್ತಾ ಕೂತು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನ್ನ ಮೂವತ್ತೊಂದು ವರ್ಷದಲ್ಲಿ ನಾನು ಮಾಡಿದ ಅತಿ ಕೆಟ್ಟ ಕೆಲಸ ಇದು. ಗಡುವಿಗೆ ಏಳು ವಾರ ಇತ್ತು.

"ಕಾಗದದ ಮೇಲೆ ಏನಾದ್ರೂ ಇದ್ಯಾಮ್ಮ?" ಎಂದು ಕೇಳಿದೆ.

ಇತ್ತು. ಕೊನೆಯ ಅಧ್ಯಾಯವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಎಂಟು ತಿಂಗಳ ಹಿಂದೆ ಮುದ್ರಿಸಿ ಅವಳ ಮಾರ್ಗದರ್ಶಕರಿಗೆ ಕೊಟ್ಟಿದ್ದಳು. ಆ ಪ್ರಾಧ್ಯಾಪಕರಿಗೆ ಪರದೆಯ ಮೇಲೆ ಓದಿದರೆ ಕಣ್ಣು ನೋವು, ಹಾಳೆಯೇ ಬೇಕು. ಆಮೇಲೆ ಕೇಳಿದಾಗಲೆಲ್ಲ "ನೋಡ್ತಾ ಇದೀನಿ, ಆಳವಾಗಿ ನೋಡ್ಬೇಕು" ಎನ್ನುತ್ತಿದ್ದರಂತೆ. ಇಬ್ಬರೂ ಚಿಕ್ಕಬಳ್ಳಾಪುರಕ್ಕೆ ಅವರ ಮನೆಗೆ ಹೋದೆವು. ಅವರು ಒಳಗಿನಿಂದ ಕಟ್ಟು ತಂದು ಮುನಿರತ್ನಮ್ಮನ ಕೈಗಿಟ್ಟು, "ಅಕ್ಷರ ಅಕ್ಷರ ಓದಿದೀನಮ್ಮ. ಎರಡನೇ ಅಧ್ಯಾಯ ಸ್ವಲ್ಪ ಬಿಗಿಯಾಗ್ಬೇಕು" ಎಂದರು. ಕಟ್ಟಿಗೆ ಅವಳೇ ರೇಷ್ಮೆ ನೂಲು ಸುತ್ತಿ, ನೂಲು ಬಿಚ್ಚುವ ಹೆಂಗಸರು ಹಾಕುವ ಗಂಟು ಹಾಕಿದ್ದಳು. ಆ ಗಂಟು ಹಾಗೇ ಇತ್ತು. ಅದರ ಮೇಲೆ ಎಂಟು ತಿಂಗಳ ಧೂಳಿತ್ತು.

ಮುನಿರತ್ನಮ್ಮ ನನ್ನ ಮುಖ ನೋಡಿದಳು. ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಓದಿದ್ದರೆ ಹಾಳೆ ಹಾಳೆ ಚೆದುರಿ ಅರ್ಧ ಕಳೆದುಹೋಗುತ್ತಿತ್ತು. ಕೆಲಸ ಮಾಡದವರಿಂದ ನನ್ನ ಸೇವಾವಧಿಯಲ್ಲಿ ಬಹಳ ಕಷ್ಟಪಟ್ಟಿದ್ದೇನೆ. ಒಬ್ಬರು ಕೆಲಸ ಮಾಡದ್ದಕ್ಕೆ ಮನಸಾರೆ ಕೃತಜ್ಞಳಾದದ್ದು ಆ ಒಂದೇ ಸಲ.

ಉಳಿದಿದ್ದ ರಜೆಯನ್ನೆಲ್ಲ ಹಾಕಿದೆ. ಇನ್ನೂರ ನಲವತ್ತು ಪುಟ, ಅದೇ ಒಂದು ಕಿಲೋ ಲ್ಯಾಪ್‌ಟಾಪಿನಲ್ಲಿ, ಅದೇ ಸಿಸ್ಟಂನಲ್ಲಿ ನಾನೇ ಟೈಪ್ ಮಾಡತೊಡಗಿದೆ. ಟೈಪ್‌ರೈಟರಿನ ಅಕ್ಷರಗಳ ಜಾಗವೇ ಬೇರೆ, ಇದರದೇ ಬೇರೆ. ಬೆರಳುಗಳು ಎರಡು ದಿನ ಮುಷ್ಕರ ಹೂಡಿ, ಮೂರನೆಯ ದಿನ ದಾರಿಗೆ ಬಂದವು. ಯಂತ್ರ ಒಂದು ಸಲವೂ ನಿಲ್ಲಲಿಲ್ಲ, ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ಪ್ರತಿ ಹತ್ತು ಪುಟಕ್ಕೆ ಮೂರು ಕಡೆ ನಕಲು ಇಡುತ್ತಿದ್ದೆ. ಬಾಬಾಜಾನ್ ಇಟ್ಟುಕೊಂಡ ನಕಲೂ ಸೇರಿ ನಾಲ್ಕು.

ಅತ್ತ ಮುನಿರತ್ನಮ್ಮ ಕೊನೆಯ ಅಧ್ಯಾಯಕ್ಕೆ, ಅಂದರೆ ಪದಗಳ ಪಟ್ಟಿಗೆ, ಮತ್ತೆ ಬಾಣಲೆಗಳ ಮುಂದೆ ಹೋಗಿ ಕೂತಳು. ಒಂದು ದಿನ ನಾನೂ ಹೋಗಿದ್ದೆ. ಬಿಸಿ ಹಬೆಯಲ್ಲಿ ಹುಳದ ವಾಸನೆ ಮೂಗಿಗೆ ಅಡರುತ್ತಿತ್ತು. ಎಲ್ಲ ಹೋಯಿತು, ಮೊದಲಿಂದ ಹೇಳಿಕೊಡಿ ಎಂದು ಮುನಿರತ್ನಮ್ಮ ಕೇಳಿದಾಗ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಅವರಲ್ಲಿ ಹಿರಿಯಳು, ಫಾತಿಮಾಬಿ ಅಂತ, ಬಾಣಲೆಯಿಂದ ಕೈ ತೆಗೆಯದೆ ಹೇಳಿದಳು: "ಎಳೆ ತೆಗಿತು ಅಂತ ಗೂಡು ಬಿಸಾಕ್ತೀವೇನಮ್ಮಾ? ತುದಿ ಹುಡುಕ್ತೀವಿ. ಬರ್ಕೋ." ತೆಗಿತು ಎಂದರೆ ಹರಿಯಿತು, ತೆಲುಗಿನದು. ಅದು ಮೊದಲ ಪಟ್ಟಿಯಲ್ಲಿ ಇರಲಿಲ್ಲವಂತೆ. ಮೊದಲ ಸಲ ಕಾಲೇಜಿನ ಕನ್ನಡ ಮೇಡಂ ಬಂದಿದ್ದಾರೆಂದು ಅವರು ಬಾಯಿ ತೊಳೆದ ಕನ್ನಡ ಆಡಿದ್ದರು. ಈ ಸಲ, ಎಲ್ಲ ಕಳಕೊಂಡವಳ ಮುಂದೆ ಯಾವ ಮರ್ಯಾದೆ ಎಂದು ಇರುವ ಹಾಗೇ ಆಡಿದರು. ಬೈಗುಳವೇ ಮೂರು ಪುಟ ಬಂತು. ಹೊಸ ಪಟ್ಟಿ ಹಳೆಯದಕ್ಕಿಂತ ಚೆನ್ನಾಗಿದೆ ಎಂದು ಮುನಿರತ್ನಮ್ಮ ಹೇಳಿದಳು. ಅದನ್ನು ನನ್ನ ಪುಣ್ಯಕ್ಕೆ ಸೇರಿಸಿಕೊಳ್ಳುವ ಧೈರ್ಯ ನನಗಿಲ್ಲ.

ಪೆನ್‌ಡ್ರೈವಿನ ಪದಗಳನ್ನೂ ಅಷ್ಟರಲ್ಲಿ ಬದಲಾಯಿಸಿದೆ. ಈಗ ಒಂದು ಗುಂಡಿಯ ಮೇಲೆ "ಎಲ್ಲಾ ಹೋಗುತ್ತೆ, ತಿಳಿದು ಒತ್ತಿ" ಎಂದಿದೆ, ಇನ್ನೊಂದರ ಮೇಲೆ "ಇದ್ದ ಹಾಗೇ ಇರಲಿ". ಭಾಷೆಯ ಘನತೆ ಹೋಯಿತು ಎಂದು ಪ್ರಿನ್ಸಿಪಾಲರು ಬೇಸರಪಟ್ಟರು. ಹೊಸಬಳಿಗೆ ನನ್ನ ಒಂದೇ ಮಾತು: ಅವನ್ನು ಬದಲಾಯಿಸಬೇಡಮ್ಮ.

ಗಡುವಿಗೆ ನಾಲ್ಕು ದಿನ ಇರುವಾಗ ಕೊನೆಯದಾಗಿ ಕೃತಜ್ಞತೆಯ ಪುಟ ಉಳಿಯಿತು. ಮುನಿರತ್ನಮ್ಮ ಹೇಳುತ್ತಾ ಹೋದಳು, ನಾನು ಟೈಪ್ ಮಾಡುತ್ತಾ ಹೋದೆ. ಆಳವಾಗಿ ಓದಿದ ಮಾರ್ಗದರ್ಶಕರಿಗೆ ಮೊದಲು. ಆಮೇಲೆ ಫಾತಿಮಾಬಿ ಮತ್ತು ಸಂಗಡಿಗರಿಗೆ, ಬಾಬಾಜಾನನಿಗೆ. ಕೊನೆಗೆ, "ಈ ಪ್ರಬಂಧವನ್ನು ಉಳಿಸಿದ ಸುಶೀಲಮ್ಮ ಮೇಡಂಗೆ" ಎಂದಳು.

ನನ್ನ ಬೆರಳು ನಿಂತಿತು. "ಸರಿಯಾಗಿ ಹೇಳಮ್ಮ. ಉಳಿಸಿದ ಅಂತನೋ, ಅಳಿಸಿದ ಅಂತನೋ?"

"ನಿಮಗೆ ಹೆಂಗೆ ಕೇಳಿಸ್ತೋ ಹಂಗೆ ಹಾಕಿ ಮೇಡಂ" ಎಂದಳು, ಕಿಟಕಿಯ ಕಡೆ ನೋಡುತ್ತಾ.

ನಾನು ಅ ಒತ್ತಿದೆ. ಅವಳು ಆ ಪುಟವನ್ನು ಮೂರು ಸಲ ಓದಿದಳು, ತಿದ್ದಲಿಲ್ಲ.

ಅವಳ ಮೌಖಿಕ ಪರೀಕ್ಷೆ ನಡೆಯುವ ಹೊತ್ತಿಗೆ ನಾನು ನಿವೃತ್ತಳಾಗಿದ್ದೆ. ಅದು ಯಾರು ಬೇಕಾದರೂ ಬಂದು ಕೂರಬಹುದಾದ ಪರೀಕ್ಷೆ, ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಹೊರಗಿನಿಂದ ಬಂದ ಪರೀಕ್ಷಕರು ಮುನ್ನೂರು ಪುಟದ ಆ ಪುಸ್ತಕವನ್ನು ಮುಂದಿಟ್ಟುಕೊಂಡಿದ್ದರು. ಅದರ ಹೊಸ ರಟ್ಟು ಇನ್ನೂ ಕಿರ್ ಎನ್ನುತ್ತಿತ್ತು. ವಿಷಯದ ಬಗ್ಗೆ ಎರಡು ಒಳ್ಳೆಯ ಮಾತಾಡಿ, ಮೊದಲ ಪುಟಗಳನ್ನು ತಿರುವಿ, ಕನ್ನಡಕ ಸರಿಮಾಡಿಕೊಂಡರು.

"ಒಂದೇ ಒಂದು ತಪ್ಪು ಕಣ್ಣಿಗೆ ಬಿತ್ತು. ಕೃತಜ್ಞತೆಯ ಪುಟದಲ್ಲಿ 'ಪ್ರಬಂಧವನ್ನು ಅಳಿಸಿದ' ಅಂತ ಅಚ್ಚಾಗಿದೆ. ಉಳಿಸಿದ ಅಂತ ಆಗ್ಬೇಕಲ್ವಾ? ತಿದ್ದಿಬಿಡಿ."

"ನಾನೂ ಗಮನಿಸಿದ್ದೆ ಸರ್" ಎಂದರು ಮಾರ್ಗದರ್ಶಕರು.

ಮುನಿರತ್ನಮ್ಮ ಎದ್ದು ನಿಂತಿದ್ದಳು. "ಅದು ಅಚ್ಚಿನ ತಪ್ಪಲ್ಲ ಸರ್. ಮೊದ್ಲು ಅಳಿಸಿದ್ರು, ಆಮೇಲೆ ಉಳಿಸಿದ್ರು. ಟೈಪ್ ಮಾಡಿದವರೂ ಅವರೇ. ಯಾವ ಪದ ಅಂತ ಅವರೇ ಆರಿಸ್ಕೊಂಡ್ರು."

ಪರೀಕ್ಷಕರು ನಕ್ಕರು. "ಆದ್ರೆ ಅಳಿಸೋದಕ್ಕೆ ಇನ್ನೊಂದು ಅರ್ಥಾನೂ ಇದೆಯಲ್ಲಮ್ಮ, ಯಾರನ್ನಾದ್ರೂ ಅಳೋ ಹಾಗೆ ಮಾಡೋದು. ಓದಿದವರು ಹಾಗೆ ತಿಳ್ಕೊಂಡ್ರೆ?"

"ಅದೂ ಸರಿನೇ ಸರ್" ಎಂದಳು ಮುನಿರತ್ನಮ್ಮ.

ಹಿಂದಿನ ಸಾಲಿನಲ್ಲಿ ಕೂತು ನಾನು ಆ ಎರಡನೆಯ ಅರ್ಥವನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದೆ.